ಹೆಚ್ಚಿಗೆ ಇಟ್ಟ ಎಲೆ

ಕೊಕ್ಕರೆ ಬೆಳ್ಳೂರು
6 ಅಕ್ಟೋಬರ್ 2024

ರಘು ಅಣ್ಣನಿಗೆ ನಮಸ್ಕಾರ,

ನಾನು ರಂಜಿತ, ನಿಮ್ಮ ಶಶಿಧರನ ಹೆಂಡತಿ. ನಮ್ಮ ಮದುವೆಯಲ್ಲಿ ನೀವು ತಮಟೆಯವರ ತಮಟೆ ಕಿತ್ತುಕೊಂಡು ಕುಣಿದಿರಲ್ಲ, ಅದಾದ ಮೇಲೆ ನಾವು ಮಾತಾಡಿಲ್ಲ. ಮೊಬೈಲ್ ಕಾಲದಲ್ಲಿ ಇವಳೇನು ಕಾಗದ ಬರೆಯುತ್ತಾಳೆ ಅಂದುಕೊಳ್ಳಬೇಡಿ. ಮನೆಯ ಎರಡು ಮೊಬೈಲೂ ಅವರ ದಿಂಬಿನ ಕೆಳಗಿರುತ್ತವೆ. ರಿಂಗಾದರೆ ಅವರೇ ಎತ್ತುತ್ತಾರೆ, ಕೇಳಿಸಿಕೊಳ್ಳುತ್ತಾರೆ, ಒಂದು ಮಾತೂ ಆಡದೆ ಇಟ್ಟುಬಿಡುತ್ತಾರೆ. ನಾನು ಹಾಲಿನ ಡೈರಿಯಲ್ಲಿ ಸೆಕ್ರೆಟರಿ. ಅಲ್ಲಿಂದ ಫೋನು ಮಾಡಿದರೆ ಕ್ಯಾನು ಹಿಡಿದು ನಿಂತ ಊರೇ ಕಿವಿ ಕೊಡುತ್ತದೆ. ನಿಮ್ಮ ವಿಳಾಸ ಅವರ ಟ್ರಂಕಿನಲ್ಲಿ ಸಿಕ್ಕಿತು. ಉತ್ತರ ಡೈರಿಗೇ ಬರೆಯಿರಿ.

ಬುಧವಾರ ಮಹಾಲಯ ಅಮಾವಾಸ್ಯೆ. ಗಾಂಧಿ ಜಯಂತಿಯೂ ಅವತ್ತೇ ಬಂದು ಮಾಂಸದಂಗಡಿ ಮುಚ್ಚಿದ್ದರಿಂದ ಮನೆಯ ಕೋಳಿಯನ್ನೇ ಕುಯ್ದೆವು. ತಾತನಿಗೊಂದು, ಮಾವನಿಗೊಂದು, ಎರಡು ಎಡೆ. ಧೂಪ ಹಾಕಿ, ಸತ್ತವರು ಬಂದು ಉಂಡು ಹೋಗಲಿ ಅಂತ ಬಾಗಿಲು ಮುಚ್ಚಿ ಜಗಲಿಯ ಮೇಲೆ ಕೂತೆವು. ಬಾಗಿಲು ತೆಗೆದಾಗ ಮೂರನೆಯ ಎಲೆಯಿತ್ತು. ಅವರೇ ಯಾವಾಗಲೋ ಇಟ್ಟಿದ್ದರು. ಅದರ ಮೇಲೆ ಕೋಳಿ ಸಾರು, ಮುದ್ದೆ, ಲೋಟದಲ್ಲಿ ಮಿಲಿಟರಿ ಕ್ಯಾಂಟೀನ್ ರಮ್ಮು, ಒಂದು ಉಂಡೆ ಬೆಲ್ಲ. ಕೋಳಿ ಸಾರಿಗೆ ಯಾರಾದರೂ ಬೆಲ್ಲ ನೆಂಚಿಕೊಳ್ಳುತ್ತಾರಾ ಅಣ್ಣ? ಪಕ್ಕದಲ್ಲಿ ಎಡಗೈಯದೊಂದೇ ಉಲ್ಲನ್ ಗ್ಲೌಸು. ಬೂದು ಬಣ್ಣ, ಹಳದಿ ಅಂಚು.

ಯಾರಿಗೆ ಅಂತ ಕೇಳಿದರೆ ಹೇಳಲಿಲ್ಲ. ಈಗ ಅದು ದಿನದ ಕೆಲಸವಾಗಿದೆ. ಮೊದಲು ಆ ಎಲೆಗೆ ಬಡಿಸಬೇಕು, ಬಾಗಿಲು ಮುಚ್ಚಬೇಕು, ಆಮೇಲೆ ಅವರು ನಾಲ್ಕು ತುತ್ತು ಉಣ್ಣುತ್ತಾರೆ. ರಿಟೈರಾಗಿ ಬಂದಾಗ ಇದ್ದ ಪ್ಯಾಂಟು ಈಗ ಸೊಂಟದಲ್ಲಿ ನಿಲ್ಲುವುದಿಲ್ಲ. ನಿನ್ನೆ ಅಂದರು, “ಅವ್ನೊಬ್ನೇ ಅವ್ನೆ ಕಣೆ ಅಲ್ಲಿ. ಚಳಿ. ನಾನೂ ಓಗ್ಬೇಕು.” ಆಗಿನಿಂದ ನನಗೆ ಹೆದರಿಕೆ. ಹೇಳಿ, ಸತ್ತವನು ಯಾರು? ಯಾರು ಅಂತ ಗೊತ್ತಾದರೆ ಅವನ ಕೈಯಿಂದ ಇವರನ್ನು ಬಿಡಿಸಿಕೊಳ್ಳುತ್ತೇನೆ.

ರಂಜಿತ


ಎಪಿಒ ಮೂಲಕ
29 ಅಕ್ಟೋಬರ್ 2024

ತಂಗಿ ರಂಜಿತ,

ನಾನಿರುವ ಗಡಿಯ ಪೋಸ್ಟಿಗೆ ಸೈನ್ಯದ ಅಂಚೆಯಲ್ಲಿ (ಎಪಿಒ) ಟಪಾಲು ಬರುವುದೇ ತಡ. ಕೆಳಗಿನ ಕ್ಯಾಂಪಿಗೆ ಇಳಿದಾಗ ಮಾತ್ರ ಸಿಗ್ನಲ್. ತಿಂಗಳಿಗೊಮ್ಮೆ ಶಶಿಗೆ ಫೋನು ಮಾಡುತ್ತಿದ್ದೆ. ಎತ್ತಿ ಸುಮ್ಮನಿರುತ್ತಿದ್ದ. ಲೈನು ಸರಿಯಿಲ್ಲ ಅಂದುಕೊಂಡಿದ್ದೆ.

ಆ ಎಲೆ ಮಹದೇವುದು ಇರಬೇಕು. ಮಳವಳ್ಳಿ ಕಡೆಯವನು. ನಾವು ಮೂವರೂ ಮಂಡ್ಯದವರು ಅಂತ ಪಲ್ಟನ್ನಿನಲ್ಲಿ ನಮ್ಮನ್ನು ಬೆಲ್ಲದಚ್ಚುಗಳು ಅನ್ನುತ್ತಿದ್ದರು. ಹೋದ ವರ್ಷ ಜನವರಿಯಲ್ಲಿ ಹಿಮ ಕುಸಿದು ಮೂವರೂ ಸಿಕ್ಕಿಬಿದ್ದೆವು. ಶಶಿ ಸೊಂಟದವರೆಗೆ ಹೂತಿದ್ದ. ನನ್ನನ್ನು ಇನ್ನೊಂದು ಕಡೆ ಅಗೆದು ತೆಗೆದರು. ಮಹದೇವು ಉಳಿಯಲಿಲ್ಲ. ಶಶಿಯನ್ನು ಹೆಲಿಕಾಪ್ಟರಿನಲ್ಲಿ ಒಯ್ದರು. ಅವತ್ತಿನಿಂದ ನಾವಿಬ್ಬರು ಮುಖ ನೋಡಿಲ್ಲ.

ಅವನಿಗೆ ಎಡೆ ಇಟ್ಟರೆ ತಪ್ಪೇನಿಲ್ಲ. ಊಟ ಬಿಡುವುದು, ನಾನೂ ಹೋಗಬೇಕು ಅನ್ನುವುದು ಸಣ್ಣ ಮಾತಲ್ಲ. ಇದು ಗಾಳಿ ಸೋಕಿದ್ದಲ್ಲ ಕಣಮ್ಮ, ಕಾಯಿಲೆ. ಮಾಜಿ ಸೈನಿಕರ ಕಾರ್ಡಿದೆಯಲ್ಲ, ಮಂಡ್ಯಕ್ಕೆ ಕರೆದುಕೊಂಡು ಹೋಗಿ ಮನಸ್ಸಿನ ಡಾಕ್ಟರಿಗೆ ತೋರಿಸು. ಅತ್ತೆ ಮರ್ಯಾದೆ ಅದು ಇದು ಅಂದರೆ ಜಗ್ಗಬೇಡ.

ಗ್ಲೌಸಿನ ವಿಷಯ ನನಗೆ ಗೊತ್ತಿಲ್ಲ.

ರಘುನಂದನ್


ಕೊಕ್ಕರೆ ಬೆಳ್ಳೂರು
20 ನವೆಂಬರ್ 2024

ರಘು ಅಣ್ಣ,

ನಿಮ್ಮ ಕಾಗದ ಬಂದ ಸಂಜೆ ಧೈರ್ಯ ಮಾಡಿ ಕೇಳಿದೆ. “ಎಲೆ ಮಹದೇವಣ್ಣಂಗೆ ತಾನೆ?”

ಅವರು ನಕ್ಕರು. ನಗದೆ ಎಷ್ಟು ದಿನವಾಗಿತ್ತು, ಆದರೂ ಆ ನಗು ನನಗೆ ಬೇಡವಾಗಿತ್ತು. “ಮಹದೇವುಗ್ಯಾಕೆ ಎಡೆ ಇಕ್ಕಾನ? ಅವ್ನು ರಜದ ಮೇಲೆ ಬತ್ತಾವ್ನೆ. ಅದ್ಕೇ ಅಲ್ವಾ ಸೋಮ್ವಾರ ಸೋಮ್ವಾರ ನಾನು ಮದ್ದೂರಿಗೆ ಓಗೋದು.” ಗೊಬ್ಬರ ತರೋಕೆ ಅಂತ ಹೋಗುತ್ತಿದ್ದವರು ಮಳವಳ್ಳಿಯಿಂದ ಬರುವ ಒಂದೊಂದು ಬಸ್ಸನ್ನೂ ನೋಡುತ್ತಾ ಬಸ್ ಸ್ಟ್ಯಾಂಡಿನಲ್ಲಿ ಕೂತಿರುತ್ತಾರಂತೆ.

“ಮತ್ತೆ ಎಲೆ ಯಾರಿಗೆ?”

“ರಘುಗೆ ಕಣೆ. ಕೈ ಇಡ್ಕೊಂಡಿದ್ದೆ. ನನ್ನ ಕೈಲೇ ತಣ್ಣಗಾಯ್ತು.”

ನಿಮ್ಮ ಕಾಗದ ತಂದು ಕೈಗಿಟ್ಟೆ. ಕೊನೆವರೆಗೂ ಓದಿದರು, ಮೊದಲಿನ ಹಾಗೇ ಮಡಚಿದರು, ಒಲೆಗೆ ಹಾಕಿದರು. “ಸತ್ತೋರ ಕಾಗ್ದ ಮನೇಲಿ ಇಟ್ಕೋಬಾರ್ದು” ಅಂದರು. ಅಷ್ಟು ಮೆತ್ತಗೆ ಅವರು ನನ್ನ ಹತ್ತಿರ ಮಾತಾಡಿದ್ದೇ ಇಲ್ಲ. ಅತ್ತೆ ಚಿಕ್ಕಬೋರಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದವರು ಕೇಳಿದರು, “ಬರೀತಿರೋನು ರಘುನೇ ಅಂತ ನಿಂಗ್ಯಾರವ್ವ ಯೋಳಿದ್ದು?” ಅಂಚೆಯವನು ಅಂತ ತಮಾಷೆ ಮಾಡಿದೆ. ಯಾರೂ ನಗಲಿಲ್ಲ.

ನೀವು ಒಂದು ಪ್ರಶ್ನೆಗೆ ಉತ್ತರ ಕೊಟ್ಟಿಲ್ಲ ಅಣ್ಣ. ಕೋಳಿ ಸಾರಿಗೆ ಬೆಲ್ಲ ನೆಂಚಿಕೊಳ್ಳುವವರು ಯಾರು?

ರಂಜಿತ


ಎಪಿಒ ಮೂಲಕ
18 ಡಿಸೆಂಬರ್ 2024

ರಂಜಿತ,

ನಾನೇ. ಚಿಕ್ಕಂದಿನಿಂದ ಹಾಗೆ. ನಮ್ಮೂರು ಬ್ಲಫ್‌ನಲ್ಲಿ ನಮ್ಮಪ್ಪ ಪವರ್ ಹೌಸಿನ ಕೆಲಸ ಮುಗಿಸಿ ಬಂದು ಹಾಗೇ ಉಣ್ಣುತ್ತಿದ್ದರು, ನೋಡಿ ಕಲಿತದ್ದು.

ಗ್ಲೌಸೂ ನನ್ನದೇ. ಅವ್ವ ಬೆಟ್ಟಮ್ಮ ಹೆಣೆದದ್ದು. ಅವಳೂ ಹಿಮ ಕುಸಿದ ವರ್ಷವೇ ಹೋದಳು. ಆ ಅನಾಹುತದ ದಿನ ಬೆಳಿಗ್ಗೆ ಮಹದೇವುವಿನ ಗ್ಲೌಸು ಒದ್ದೆಯಾಗಿತ್ತು, ನನ್ನ ಜೋಡಿಯನ್ನು ಅವನಿಗೆ ಕೊಟ್ಟೆ. ಆಮೇಲೆ ಅಗೆದವರು ಹೇಳಿದರು, ಶಶಿ ಹಿಮದೊಳಗಿಂದ ಬಂದ ಕೈಯೊಂದನ್ನು ಹಿಡಿದಿದ್ದ. ಮುಖ ಕಂಡಿಲ್ಲ, ಹಳದಿ ಅಂಚು ಕಂಡಿದೆ. ಎಳೆಯುವಾಗ ಎಡಗೈಯದು ಕಳಚಿ ಅವನ ಕೈಗೆ ಬಂತು. ಸತ್ತದ್ದು ಮಹದೇವು, ಗ್ಲೌಸು ನನ್ನದು. ಇಷ್ಟೇ. ಅವನಿಗೆ ಇದನ್ನು ನೇರವಾಗಿ ಹೇಳು.

ಮೊದಲೇ ಯಾಕೆ ಬರೆಯಲಿಲ್ಲ ಅಂದರೆ, ಬೆಲ್ಲ, ಗ್ಲೌಸು ಅಂತ ಓದಿದ ಕೂಡಲೇ ನನ್ನ ಹೆಸರಿಗೇ ಎಡೆ ಬಿದ್ದಿದೆ ಅಂತ ಹೊಳೆಯಿತು. ಕಾಗದದ ಮೇಲೆ ಬರೆದರೆ ಎಲ್ಲಿ ನಿಜವಾಗುತ್ತದೋ ಅನ್ನಿಸಿತು. ನಾನು ಚೆನ್ನಾಗಿದ್ದೇನೆ. ಹಲ್ಲುನೋವಿದೆ. ಸತ್ತವರಿಗೆ ಹಲ್ಲುನೋವಿರುತ್ತದಾ?

ರಘು


ಎಪಿಒ ಮೂಲಕ
9 ಫೆಬ್ರವರಿ 2025

ರಂಜಿತ,

ನಿನ್ನಿಂದ ಉತ್ತರವಿಲ್ಲ. ಟಪಾಲು ತಡವಾಗಿರಬೇಕು.

ಒಂದು ಮಾತು ಹೇಳದೆ ಬಿಟ್ಟಿದ್ದೆ. ಅಕ್ಟೋಬರ್ ಎರಡನೇ ತಾರೀಖು ಮಧ್ಯಾಹ್ನ ನನಗೆ ಹಸಿವಾಗಲಿಲ್ಲ. ತಟ್ಟೆಯಲ್ಲಿ ರಾಜ್ಮಾ ಇತ್ತು, ನಾಲಿಗೆಯ ಮೇಲೆ ಬೆಲ್ಲ ಇತ್ತು. ತೇಗು ಬಂದರೆ ಕೋಳಿ ಸಾರು. ನಿನ್ನ ಕಾಗದ ಬರುವುದಕ್ಕೆ ಮೂರು ವಾರ ಮುಂಚಿನ ಮಾತಿದು. ಮಲಗಿ ಎದ್ದರೆ ಸರಿಹೋಗುತ್ತದೆ ಅಂದುಕೊಂಡೆ. ಈಗ ದಿನವೂ ಹಾಗೇ. ಹೊಟ್ಟೆ ತುಂಬಿದೆ ಅನ್ನಿಸುತ್ತದೆ, ಮೈ ಇಳಿಯುತ್ತಿದೆ.

ಇದನ್ನು ಓದಿ ಹರಿದುಬಿಡು. ಶಶಿಗೆ ಹೇಳಬೇಡ.


ಎಪಿಒ ಮೂಲಕ
16 ಮಾರ್ಚ್ 2025

ರಂಜಿತ,

ಸಂಜೆ ಹಾಜರಿಯಲ್ಲಿ ನನ್ನ ಹೆಸರು ಕೂಗಿದರಂತೆ. ನಾನು ಅಲ್ಲೇ ನಿಂತಿದ್ದೆ. ನಾನು ಓಗೊಡಲಿಲ್ಲವಂತೆ. ಓಗೊಟ್ಟೆ ಅಂತಲೇ ನನ್ನ ನೆನಪು.

ಎರಡು ಸಾಲು ಬರೆದರೂ ಸಾಕು. ಬೈದಾದರೂ ಬರಿ.


ಕೊಕ್ಕರೆ ಬೆಳ್ಳೂರು
12 ಮೇ 2025

ರಘು ಅಣ್ಣ,

ಬೈಯಿರಿ ನನ್ನ. ಬೇಕಂತಲೇ ಬರೆಯಲಿಲ್ಲ. ಅತ್ತೆ ಕೇಳಿದ ಮಾತು ತಲೆಯಲ್ಲಿ ಕೂತುಬಿಟ್ಟಿತು. ನಿಮ್ಮ ಕಾಗದಗಳನ್ನು ಡೈರಿಯ ಬೀರುವಿನಲ್ಲಿಟ್ಟಿದ್ದೆ. ನಾಲಿಗೆಯ ಮೇಲೆ ಬೆಲ್ಲ ಅಂತ ಬರೆದಿದ್ದು ಓದಿದ ದಿನ ಬೀರುವಿಗೆ ಬೀಗ ಹಾಕಿಕೊಂಡು ಬಂದೆ. ಇದನ್ನೆಲ್ಲ ನಂಬುವವಳಲ್ಲ ನಾನು. ಆದರೂ ಹಾಕಿದೆ.

ಗ್ಲೌಸಿನ ಕಥೆ ಹೇಳಿದೆ. “ಗ್ಲೌಸ್ ಸುಳ್ಳೇಳಲ್ಲ ಕಣೆ” ಅಂದರು. ಮಂಡ್ಯಕ್ಕೂ ಕರೆದುಕೊಂಡು ಹೋಗಿದ್ದೆ. ಡಾಕ್ಟರ ಮುಂದೆ ಮಿಲಿಟರಿ ಥರ ನೆಟ್ಟಗೆ ಕೂತು ಎಲ್ಲದಕ್ಕೂ ಸರಿಯಾಗಿ ಉತ್ತರ ಹೇಳಿದರು. ಎಲೆಯ ವಿಷಯ ನಾನು ಎತ್ತಿದರೆ ‘ನಮ್ಮ ಮನೆ ಪದ್ಧತಿ ಸಾರ್’ ಅಂದುಬಿಟ್ಟರು. ಮಾತ್ರೆ ಕೊಟ್ಟರು. ಆ ಮಾತ್ರೆಗಳನ್ನು ತಾವು ನುಂಗದೆ ಎಲೆಯ ತುದಿಗೆ ಇಡುತ್ತಾರೆ. “ರಘುಗೆ ನಿದ್ದೆ ಬರಾಕಿಲ್ಲ, ಅವ್ನಿಗೆ ಬೇಕು.”

ಈಗ ಊರ ತುಂಬ ಕೊಕ್ಕರೆ. ಹೆರಿಗೆಗೆ ಬಂದ ಹೆಣ್ಣುಮಕ್ಕಳ ಹಾಗೆ ನಾವು ಅವನ್ನು ನೋಡಿಕೊಳ್ಳುತ್ತೇವೆ, ಗಲೀಜು ಮಾಡಿದರೂ ಗದರುವುದಿಲ್ಲ. ಮನೆ ಮುಂದಿನ ಹುಣಸೆಮರದಲ್ಲಿ ಅವು ಕೊಕ್ಕಿಗೆ ಕೊಕ್ಕು ಬಡಿದು ಕಟಕಟ ಅನ್ನಿಸುತ್ತವೆ. ಇವರು ಮರದ ಕೆಳಗೆ ನಿಂತು ಕೈಯೆತ್ತಿ ಕೇಳುತ್ತಾರೆ. “ಹಲ್ಲು ಕಡೀತಾವ್ನೆ ನೋಡು, ಚಳಿಗೆ.” ಹೊರಗೆ ಮೇ ತಿಂಗಳ ಬಿಸಿಲು. ನನಗೂ ಒಂದೊಂದು ಸಲ ಅದು ಹಲ್ಲಿನ ಸದ್ದಿನ ಹಾಗೇ ಕೇಳುತ್ತದೆ ಅಣ್ಣ, ಸುಳ್ಳು ಯಾಕೆ ಹೇಳಲಿ.

ಹೋದ ಸೋಮವಾರ ಮದ್ದೂರಿನಿಂದ ಬಂದವರು, ರಘುನ ಕಂಡೆ ಅಂದರು. ಬಸ್ ಸ್ಟ್ಯಾಂಡಿನ ಎದುರು ಬೆಂಚಿನಲ್ಲಿ, ನೀಲಿ ಅಂಗಿ ಹಾಕಿಕೊಂಡು ಕೂತಿದ್ದನಂತೆ. “ಕರೀಲಿಲ್ವಾ?” ಅಂದೆ. “ಸತ್ತೋರ ಎಸ್ರಿಡಿದು ಕರೀಬಾರ್ದು. ಕೈ ಮುಗ್ದೆ. ಓದ.” ಈಗ ಕಣ್ಣಿಗೂ ಕಾಣಲು ಶುರುವಾಯಿತಲ್ಲ ಅಂತ ಅವತ್ತು ಕೂತು ಅತ್ತುಬಿಟ್ಟೆ.

ಕೇಳಿ, ಇದು ಮುಖ್ಯ. ಬರುವ ಮಹಾಲಯ ಅಮಾವಾಸ್ಯೆಯ ದಿನ ಎಡೆ ಮುಗಿಸಿಕೊಂಡು ಮುತ್ತತ್ತಿಗೆ ಹೋಗುತ್ತಾರಂತೆ. ಹೊಳೆಯಲ್ಲಿ ಗ್ಲೌಸು ಬಿಡುವುದಲ್ಲ, “ಒಳಕ್ಕೋಗಿ ಅವನ ಕೈಗೇ ಕೊಟ್ಟು ಬತ್ತೀನಿ.” ಮುತ್ತತ್ತಿಯ ಸುಳಿ ನಿಮಗೆ ಗೊತ್ತು. ಒಳಕ್ಕೆ ಹೋದವರು ಬಂದದ್ದು ನಾನಂತೂ ಕೇಳಿಲ್ಲ. ಅಷ್ಟರೊಳಗೆ ನೀವು ಬನ್ನಿ. ಎದುರಿಗೆ ನಿಂತುಕೊಳ್ಳಿ, ಸಾಕು.

ರಂಜಿತ


ಎಪಿಒ ಮೂಲಕ
3 ಜೂನ್ 2025

ರಂಜಿತ,

ಅವನ ಕಣ್ಣು ಸರಿಯಾಗೇ ಇದೆ. ಮದ್ದೂರಿನಲ್ಲಿದ್ದದ್ದು ನಾನೇ.

ರಜ ಹಾಕಿ, ನಿನಗೂ ತಿಳಿಸದೆ ಹೊರಟು ಬಂದಿದ್ದೆ. ಬೆಳ್ಳೂರಿನ ಬಸ್ಸಿಗೆ ಕಾಯುತ್ತಿದ್ದೆ. ಎದುರು ಬೆಂಚಿಗೆ ಶಶಿ ಬಂದು ಕೂತ. ಎಷ್ಟು ಸೊರಗಿದ್ದಾನೆ! ಕಣ್ಣಿಗೆ ಕಣ್ಣು ಸೇರಿತು. ಓಡಿಬಂದು ಬೆನ್ನಿಗೊಂದು ಗುದ್ದುತ್ತಾನೆ ಅಂದುಕೊಂಡೆ. ಅವನು ಚಪ್ಪಲಿ ಬಿಟ್ಟು ಎದ್ದು ನಿಂತ, ಬೀದಿಯಲ್ಲಿ ಹೆಣ ಹೋಗುವಾಗ ಮುಗಿಯುತ್ತೇವಲ್ಲ ಹಾಗೆ ಕೈ ಮುಗಿದ, ಮುಖ ತಿರುಗಿಸಿದ.

ಲೇ ಶಶಿ ಅಂತ ಕೂಗಬೇಕಿತ್ತು. ಬಾಯಿ ತೆರೆದರೆ ದನಿ ಬರುತ್ತದೋ ಇಲ್ಲವೋ ಅಂತ ಹೆದರಿಕೆಯಾಯಿತು. ಬರದಿದ್ದರೆ? ಸಿಕ್ಕಿದ ಬಸ್ಸು ಹತ್ತಿ ಬ್ಲಫ್‌ಗೆ ಹೋದೆ. ನಮ್ಮ ಕ್ವಾರ್ಟರ್ಸಿನಲ್ಲಿ ಬೇರೆ ಯಾರೋ ಇದ್ದಾರೆ. ಯಾರು ಬೇಕು ಅಂತ ಕೇಳಿದರು. ರಘುನಂದನ್ ಬೇಕು ಅಂದುಬಿಟ್ಟೆ. ಅಂಥವರು ಇಲ್ಲಿ ಯಾರೂ ಇಲ್ಲ ಅಂದರು.

ರಜ ಮುಗಿಯುವ ಮುಂಚೆಯೇ ವಾಪಸು ಬಂದೆ. ನಾನು ಬಂದರೆ ಅವನಿಗೆ ಒಳ್ಳೆಯದಾಗುತ್ತದೆ ಅಂತ ನನಗೆ ಈಗ ನಂಬಿಕೆಯಿಲ್ಲ.

ರಘು


ಕೊಕ್ಕರೆ ಬೆಳ್ಳೂರು
24 ಜೂನ್ 2025

ರಘು ಅಣ್ಣ,

ಸಿಟ್ಟು ಬಂದಿದೆ, ಅದಕ್ಕೇ ಅಕ್ಷರ ದಪ್ಪ.

ನನಗೆ ಡಾಕ್ಟರ ಹತ್ತಿರ ಹೋಗು, ಕಾಯಿಲೆ ಕಣಮ್ಮ ಅಂತ ಬುದ್ಧಿ ಹೇಳಿದವರು ನೀವು. ನಿಮಗೆ ಯಾರು ಹೇಳಬೇಕು? ಊಟ ಸೇರುತ್ತಿಲ್ಲ, ಹೆಸರು ಕೂಗಿದರೆ ಓಗೊಡುವುದಿಲ್ಲ, ನನ್ನನ್ನೇ ನಾನು ಹುಡುಕಿಕೊಂಡು ಹೋದೆ ಅನ್ನುತ್ತೀರಿ. ಅವರು ನಿಮಗೆ ಎಲೆ ಹಾಕಿದರು, ನೀವು ಎದ್ದು ಬಂದು ಅದರ ಮುಂದೆ ಕೂತೇಬಿಟ್ಟಿರಿ. ನಾನು ಇಬ್ಬರು ಹುಚ್ಚರ ಮಧ್ಯೆ ಹಾಲು ಅಳೆಯುತ್ತಾ ಕೂತಿದ್ದೇನೆ.

ಕೊಕ್ಕರೆಗಳು ಹೊರಟುಹೋದವು. ಮರ ಸುಮ್ಮನಿದೆ. ಇವರು ಈಗಲೂ ಅದರ ಕೆಳಗೆ ನಿಂತು ಕೇಳುತ್ತಾರೆ, ತಲೆಯಾಡಿಸುತ್ತಾರೆ. ಗ್ಲೌಸು ಒಗೆದು ಒಣಗಿಸಿ ಜೇಬಿನಲ್ಲಿಟ್ಟುಕೊಂಡಿದ್ದಾರೆ.

ಸೆಪ್ಟೆಂಬರ್ 21, ಭಾನುವಾರ. ಮಧ್ಯಾಹ್ನ ಎಡೆ. ಬದುಕಿದ್ದರೆ ಬನ್ನಿ. ಬರದಿದ್ದರೆ ನಾನೂ ನಿಮ್ಮನ್ನು ಸತ್ತವರ ಲೆಕ್ಕಕ್ಕೇ ಹಾಕುತ್ತೇನೆ, ಜೊತೆಗೆ ನನ್ನ ಗಂಡನನ್ನೂ.

ರಂಜಿತ


ಎಪಿಒ ಮೂಲಕ
2 ಸೆಪ್ಟೆಂಬರ್ 2025

ಬರುತ್ತೇನೆ. ಸಾರಿಗೆ ಖಾರ ಕಮ್ಮಿ ಹಾಕಿಸು.

ರಘು


ಬ್ಲಫ್
24 ಸೆಪ್ಟೆಂಬರ್ 2025

ರಂಜಿತ,

ಇಲ್ಲಿ ಅಪ್ಪನ ಹಳೆಯ ಸ್ನೇಹಿತರ ಮನೆಯಲ್ಲಿದ್ದೇನೆ. ಬಾಗಿಲು ಮುಚ್ಚಿದ ಮೇಲೆ ಒಳಗೆ ಏನಾಯಿತು ಅಂತ ನೀನು ಕೇಳಿದೆ. ಎಲ್ಲರೆದುರು ಹೇಳಲಾಗಲಿಲ್ಲ, ಬರೆಯುತ್ತೇನೆ.

ನಾನು ಒಳಗೆ ಕಾಲಿಟ್ಟಾಗ ಅವನು ಬೆಚ್ಚಲಿಲ್ಲ, ನೋಡಿದೆಯಲ್ಲ. “ಬಂದ್ಯಾ, ಕೂತ್ಕೋ” ಅಂದ, ದಿನವೂ ಬರುವವನಿಗೆ ಅನ್ನುವ ಹಾಗೆ. ಮುಖ ನೋಡದೆ ಬಡಿಸಿದ, ಬೆಲ್ಲ ಇಟ್ಟ, ಧೂಪ ಹಾಕಿದ. ಹೇಳಬೇಕೆಂದಿದ್ದನ್ನೆಲ್ಲ ಬಿಟ್ಟು ಅವನು ತೋರಿಸಿದ ಎಲೆಯ ಮುಂದೆ ಕೂತೆ. ಬಾಗಿಲು ಮುಚ್ಚಿತು.

ಹೊಗೆಯಲ್ಲಿ ನಿಮ್ಮ ತಾತನ ಫೋಟೋ, ಮಾವನ ಫೋಟೋ, ಅವರ ಎಲೆ, ನನ್ನ ಎಲೆ. ಮೂವರು ಸಾಲಾಗಿ ಕೂತಿದ್ದೆವು. ಅಲ್ಲಿ ನನಗೆ ಹೆದರಿಕೆಯೇ ಆಗಲಿಲ್ಲ ರಂಜಿತ. ಹೆದರಿಕೆಯಾಗಬೇಕಿದ್ದದ್ದೇ ಅದಕ್ಕೆ. ಕೊನೆಗೂ ನನ್ನ ಜಾಗಕ್ಕೆ ಬಂದೆ ಅನ್ನಿಸಿತು. ಎಲೆ ಮುಟ್ಟದೆ ಹೀಗೇ ಕೂತಿದ್ದರೆ, ಬಾಗಿಲು ತೆಗೆದಾಗ ಎಲ್ಲ ಇಟ್ಟ ಹಾಗೇ ಇರುತ್ತದೆ, ಅವನು ಅಂದುಕೊಂಡದ್ದೇ ಸರಿ ಅಂತಾಗುತ್ತದೆ, ಯಾರಿಗೂ ಜಗಳವಿಲ್ಲ. ಎದ್ದು ಹೋಗಬೇಕು ಅನ್ನಿಸಲಿಲ್ಲ.

ಆಮೇಲೆ ಸಾರಿನ ಘಮ. ಕೈ ತಾನಾಗೇ ಹೋಯಿತು. ಮುದ್ದೆ ಮುರಿದು ಅದ್ದಿ ಬಾಯಿಗಿಟ್ಟೆ. ಖಾರ ಕಮ್ಮಿ ಹಾಕಿಸು ಅಂದಿದ್ದೆ ಪುಣ್ಯಾತ್ಗಿತ್ತಿ! ಸೀದಾ ನೆತ್ತಿಗೆ ಹತ್ತಿತು.

ರಘು


ಕೊಕ್ಕರೆ ಬೆಳ್ಳೂರು
29 ಸೆಪ್ಟೆಂಬರ್ 2025

ರಘು ಅಣ್ಣ,

ಖಾರ ಅತ್ತೆಯದು. ಸತ್ತವರಿಗೆ ಖಾರ ಕಮ್ಮಿ ಮಾಡುವ ಪದ್ಧತಿ ನಮ್ಮಲ್ಲಿಲ್ಲ ಅಂದರು.

ಇನ್ನು ಹೊರಗಿನ ಕಥೆ ಕೇಳಿ. ಅವರು ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದರು, ಜೇಬಿನಲ್ಲಿ ಗ್ಲೌಸು, ಪಕ್ಕದಲ್ಲಿ ಮುತ್ತತ್ತಿಗೆ ಹೋಗಲು ಬೈಕಿನ ಕೀ. ಒಳಗೆ ಸದ್ದೇ ಇಲ್ಲ. ಅಷ್ಟು ಹೊತ್ತು ಸದ್ದಿಲ್ಲದಿದ್ದರೆ ನಾನೂ ನಿಮ್ಮ ಆಸೆ ಬಿಟ್ಟಿದ್ದೆ. ಆಗ ಕೆಮ್ಮು ಬಂತು. ಅತ್ತೆ ನನ್ನ ತೋಳು ಹಿಡಿದ ಗುರುತು ಇನ್ನೂ ಇದೆ. ಎಡೆ ಇಟ್ಟ ಕೋಣೆಯಿಂದ ಕೆಮ್ಮು ಬರುವುದನ್ನು ಅವರ ಅಷ್ಟು ವಯಸ್ಸಿನಲ್ಲಿ ಕೇಳಿರಲಿಲ್ಲ. ಇವರು ಕದಲಲಿಲ್ಲ. ಮತ್ತೆ ಕೆಮ್ಮು, ಉಸಿರು ಸಿಕ್ಕದ ಹಾಗೆ. ಇವರು ಅಲ್ಲಿಂದಲೇ, “ನೀರು ಕುಡೀಲಾ ಮುಂಡೇದೆ” ಅಂದರು. ಅಂದಮೇಲೆ ತಮ್ಮ ಮಾತಿಗೆ ತಾವೇ ಬೆಚ್ಚಿದರು.

ಆಮೇಲೆ ನಡೆದದ್ದು ನಿಮಗೂ ಗೊತ್ತು. ಬಾಗಿಲು ಒದ್ದು ಒಳಗೆ ಬಂದರು, ನಿಮ್ಮ ನೆತ್ತಿಯ ಮೇಲೆ ಪಟಪಟ ತಟ್ಟಿದರು. “ಯಾರ್ಲಾ ನೆನೆಸ್ಕೊಂಡಿದ್ದು ನಿನ್ನ? ಯಾರ್ಲಾ?” ತಟ್ಟುತ್ತಿದ್ದ ಕೈ ನಿಂತಿತು. ತಲೆಯ ಮೇಲೇ ಇಟ್ಟುಕೊಂಡು ನನ್ನ ಕಡೆ ತಿರುಗಿದರು. “ಬೆವರ್ತಾವ್ನೆ ಕಣೆ.” ನಿಮ್ಮ ಬೆವರು ಅವರ ಅಂಗೈಯಲ್ಲಿತ್ತು. ಅದನ್ನು ಮೂಸಿ ನೋಡಿದರು. ಅವರು ಅತ್ತದ್ದು ನಾನು ಮದುವೆಯಾದ ಮೇಲೆ ಅದೇ ಮೊದಲು.

ಮಾರನೆಯ ದಿನ ಮಂಡ್ಯದಲ್ಲಿ ಡಾಕ್ಟರು ಪೇಷೆಂಟು ಯಾರು ಅಂದರೆ ಒಬ್ಬರನ್ನೊಬ್ಬರು ತೋರಿಸಿದಿರಲ್ಲ, ನೆನೆಸಿಕೊಂಡು ಡೈರಿಯಲ್ಲಿ ಒಬ್ಬಳೇ ನಗುತ್ತೇನೆ. ಇಬ್ಬರಿಗೂ ಚೀಟಿ ಬರೆದರು. ನೀವು ಪೋಸ್ಟಿಗೆ ವಾಪಸು ಹೋದಮೇಲೂ ಮಾತ್ರೆ ತಪ್ಪಿಸಬೇಡಿ.

ಈಗ ಮೂರನೆಯ ಎಲೆಯಿಲ್ಲ. ಸುಮ್ಮನೆ ಊಟ ಮಾಡುತ್ತಾರೆ. ಆದರೆ ನಿನ್ನೆ ಊಟದ ಮಧ್ಯೆ ಕೈ ನಿಲ್ಲಿಸಿ, ತಮ್ಮ ಬಲಗೈಯನ್ನೇ ನೋಡುತ್ತಾ ಕೇಳಿದರು. “ಅಂಗಾರೆ ಅದ್ಯಾರ ಕೈ ಕಣೆ?”

ನಾನು ಸಾರು ಬಡಿಸಿದೆ. ಅವರಿಗೇ ಗೊತ್ತಿದೆ ಅನ್ನಿಸಿತು. ಇವತ್ತು ಸೋಮವಾರ, ಅವರು ಮದ್ದೂರಿಗೆ ಹೋಗಲಿಲ್ಲ.

ರಂಜಿತ


ಕೊಕ್ಕರೆ ಬೆಳ್ಳೂರು
14 ಡಿಸೆಂಬರ್ 2025

ಲೇ ರಘು,

ಇದು ಶಶಿ. ಬರೆದರೆ ಒಳ್ಳೆಯದು ಅಂತ ಡಾಕ್ಟರು ಹೇಳಿದ್ದಾರೆ. ನನ್ನ ಅಕ್ಷರ ನೋಡಿ ನಗಬೇಡ. ಮಾತ್ರೆ ನುಂಗುತ್ತಿದ್ದೀನಿ, ನಾಲಿಗೆ ಒಣಗುತ್ತೆ. ನೀನು ನುಂಗುತ್ತಿದ್ದೀಯಾ? ಕೊಕ್ಕರೆ ಇನ್ನೂ ಬಂದಿಲ್ಲ. ಬಂದಮೇಲೆ ಹೇಗೋ ನೋಡಬೇಕು. ಕೆಲವು ಸಲ ಬರಿಯ ಮರದಲ್ಲೇ ಕಟಕಟ ಕೇಳಿಸುತ್ತೆ. ರಂಜಿತಳನ್ನು ಕರೆದು ನಿನಗೂ ಕೇಳಿಸ್ತಾ ಅಂತ ಕೇಳುತ್ತೀನಿ. ಇಲ್ಲ ಅಂದರೆ ಒಳಗೆ ಬರುತ್ತೀನಿ.

ಅದು ಮಹದೇವುವಿನ ಕೈ. ಬರೆದುಬಿಟ್ಟೆ ನೋಡು.

ನೆನ್ನೆ ಬೆಳಿಗ್ಗೆ ಮಳವಳ್ಳಿ ಬಸ್ಸು ಹತ್ತಿದೆ. ಅಷ್ಟು ಸೋಮವಾರ ಕಾದವನು ನಾನೇ ಹೋಗಬಹುದಿತ್ತಲ್ಲ ಅಂತ ದಾರಿಯಲ್ಲಿ ಹೊಳೆಯಿತು. ರಂಜಿತ ಜೊತೆಗಿದ್ದಳು. ಅವನ ಊರು ರಸ್ತೆಯಿಂದ ಒಳಗೆ. ಮಂಜು ಬಿದ್ದಿತ್ತು, ಮನೆ ಕೇಳಿಕೊಂಡು ಹೋದೆವು. ಬಾಗಿಲು ತಟ್ಟಿದೆ. ತೆಗೆಯುವುದು ತಡವಾಯಿತು. ಬಾಗಿಲು ಒಂದು ಗೇಣು ಸರಿಯಿತು, ಮೊದಲು ಹೊರಗೆ ಬಂದದ್ದು ಕೈ. ಬಲಗೈ. ಬೂದು ಗ್ಲೌಸು, ಹಳದಿ ಅಂಚು.

ನಾನು ಅಲ್ಲೇ ಕೂತುಬಿಟ್ಟೆ ಕಣ್ಲಾ. ಮತ್ತೆ ಸೊಂಟದವರೆಗೆ ಹಿಮ.

ತೆಗೆದದ್ದು ಮಹದೇವುವಿನ ಅವ್ವ ಚಿಕ್ಕಮಾದಮ್ಮ. ಹೆಣದ ಜೊತೆ ಪೆಟ್ಟಿಗೆಯಲ್ಲಿ ಅವನ ಸಾಮಾನು ಬಂತಂತೆ, ಅದರಲ್ಲಿ ಅದೊಂದೇ ಗ್ಲೌಸು. ಮಗನದು ಅಂತ ಚಳಿಗಾಲದ ಬೆಳಿಗ್ಗೆ ಹಾಕಿಕೊಂಡು ಒಲೆ ಹಚ್ಚುತ್ತಾಳೆ. “ಯಾಕಪ್ಪ, ತಲೆ ಸುತ್ತಾ?” ಅಂತ ಆ ಕೈಯನ್ನೇ ನನ್ನ ಮುಂದಕ್ಕೆ ಚಾಚಿದಳು. ಹಿಡಿದುಕೊಂಡೆ. ಒಲೆ ಮುಂದೆ ಕೂತು ಬಂದ ಕೈ, ಬೆಚ್ಚಗಿತ್ತು.

ಜೇಬಿನಲ್ಲಿದ್ದ ಎಡಗೈಯದನ್ನು ಕೊಟ್ಟೆ. ಜೋಡಿ ಮಾಡಿ ನೋಡಿದಳು, ಯಾರು ಹೆಣೆದದ್ದು ಅಂದಳು. ನಿಮ್ಮವ್ವನ ಹೆಸರು ಹೇಳಿದೆ, ನಿನ್ನ ಹೆಸರು ಹೇಳಿದೆ. ಆಮೇಲೆ ಮಹದೇವು ಹೇಗೆ ಹೋದ ಅಂತ ಹೇಳಿದೆ, ಒಂದೂ ಬಿಡದೆ. ಒಬ್ಬನೇ ಇದ್ದನಾ ಅಂತ ಅದೊಂದನ್ನು ಮಾತ್ರ ಕೇಳಿದಳು. ಇಲ್ಲ ಕಣವ್ವ, ಕೈ ಹಿಡ್ಕೊಂಡಿದ್ದೆ ಅಂದೆ.

ಟೀ ಕುಡಿದೆವು. ಅಷ್ಟು ಹೊತ್ತೂ ಆ ಕೈ ನನ್ನ ಕೈಯಲ್ಲೇ ಇತ್ತು. ಬಸ್ಸಿಗೆ ಹೊತ್ತಾಯಿತು ಅಂತ ರಂಜಿತ ಅಂದಳು. ಆಗ ನಾನೇ ಬಿಟ್ಟೆ.

ಶಶಿ